ಗುಳ್ಳೆಗಳೆಲ್ಲ ಸರ್ಪಸುತ್ತಲ್ಲ

ಬಾಯಿಹುಣ್ಣು ವಾರಗಟ್ಟಲೆ ಮಾಯದಿದ್ದರೂ ‘ಉಷ್ಣವಾಗಿದೆ’ ಎಂದು ಮಜ್ಜಿಗೆ ಕುಡಿದು ಸುಮ್ಮನಿರುವುದು ನಮ್ಮಲ್ಲಿ ರೂಢಿ. ತಿಂಗಳುಗಳ ತರುವಾಯ ಎದೆ, ಬೆನ್ನು, ನೆತ್ತಿಗಳಲ್ಲಿ ನೀರ್ಗುಳ್ಳೆಗಳೆದ್ದು ಒಡೆದಾಗ ಸರ್ಪಸುತ್ತು ಎನ್ನುತ್ತೇವೆ. ಈ ಕರಾವಳಿಯಲ್ಲಿ ನಾಗದೋಷದ ಮಾತೂ ಬರುತ್ತದೆ. ಸರ್ಪಸುತ್ತು ವೈರಾಣುವಿನಿಂದ ಬರುವಂಥದು. ಸಾಮಾನ್ಯವಾಗಿ ಒಂದೇ ಪಾರ್ಶ್ವದಲ್ಲಿ ಪಟ್ಟಿಯಂತೆ ಎದ್ದು ಕೆಲವು ವಾರಗಳಲ್ಲಿ ಮಾಯುತ್ತದೆ. ಪೆಂಫಿಗಸ್ ವಲ್ಗ್ಯಾರಿಸ್ ಎಂಬ ಈ ವ್ಯಾಧಿಯೇ ಬೇರೆ.

ಚರ್ಮದ ಜೀವಕೋಶಗಳನ್ನು ಒಂದಕ್ಕೊಂದು ಬೆಸೆದಿಡುವ ಡೆಸ್ಮೋಗ್ಲೀನ್ ಎಂಬ ಪ್ರೋಟೀನನ್ನು ದೇಹದ ರಕ್ಷಣಾವ್ಯವಸ್ಥೆಯೇ ಶತ್ರುವೆಂದು ಬಗೆದು ಆಕ್ರಮಿಸುತ್ತದೆ. ಗಾರೆ ಕಳಚಿದ ಗೋಡೆಯಂತೆ ಪದರಗಳು ಬಿಡುತ್ತವೆ, ನಡುವೆ ನೀರು ತುಂಬುತ್ತದೆ. ವೃದ್ಧರಲ್ಲಿ ತೀವ್ರ ತುರಿಕೆಯೊಡನೆ ಬಿಗಿಯಾದ ಗುಳ್ಳೆಗಳೆದ್ದರೆ ಅದು ಬುಲ್ಲಸ್ ಪೆಂಫಿಗಾಯ್ಡ್ ಇರಬಹುದು. 1953ರಲ್ಲಿ ವಾಲ್ಟರ್ ಲೀವರ್ ಇವೆರಡನ್ನೂ ಬೇರ್ಪಡಿಸಿ ತೋರಿಸಿದರು. ಎರಡೂ ಅಂಟುರೋಗಗಳಲ್ಲ. ರೋಗಿಯು ಪಂಕ್ತಿಯಲ್ಲಿ ಎಲ್ಲರೊಡನೆ ಕುಳಿತು ಪ್ರಸಾದ ಸ್ವೀಕರಿಸಲು ಯಾವ ಅಡ್ಡಿಯೂ ಇಲ್ಲ.

ಮಾಧವನಿದಾನದಲ್ಲಿ ವಿಸ್ಫೋಟದ ವರ್ಣನೆಯಿದೆ, ಲಕ್ಷಣಗಳಲ್ಲಿ ಹೋಲಿಕೆಯೂ ಇದೆ. ಆದರೆ ಹೋಲಿಕೆಯನ್ನೇ ನಂಬಿ ಲೇಪ ಹಚ್ಚುತ್ತ ಕೂರುವುದನ್ನು ನಾನು ಒಪ್ಪಲಾರೆ. ಚರ್ಮದ ತುಣುಕನ್ನು ತೆಗೆದು ಪರೀಕ್ಷಿಸದೆ ನಿರ್ಣಯವಾಗದು. ಅತ್ತಾವರದ ಸುತ್ತಮುತ್ತಲಿನವರಿಗೆ ದೊಡ್ಡ ಆಸ್ಪತ್ರೆಗಳು ಕೂಗಳತೆಯಲ್ಲೇ ಇವೆ.

ಸ್ಟೀರಾಯ್ಡ್ ಬರುವ ಮುನ್ನ ಪೆಂಫಿಗಸ್ ಬಹುತೇಕ ಮಾರಕವಾಗಿತ್ತು. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ಜೆ. ಎಸ್. ಪಸ್ರಿಚಾ ಅವರು 3 ದಿನಗಳ ಔಷಧವನ್ನು ರಕ್ತನಾಳದ ಮೂಲಕ 28 ದಿನಗಳಿಗೊಮ್ಮೆ ಕೊಡುವ ‘ಪಲ್ಸ್’ ಕ್ರಮವನ್ನು ರೂಪಿಸಿದರು. ಈಗ ರಿಟುಕ್ಸಿಮ್ಯಾಬ್ ಇದೆ. ‘ಡಾಕ್ಟರೇ, ಸ್ಟೀರಾಯ್ಡ್ ಬಿಡಿಸಿ, ನಿಮ್ಮ ಕಷಾಯ ಕೊಡಿ’ ಎಂದು ಬರುವವರಿಗೆ ನಾನು ಸ್ಪಷ್ಟವಾಗಿ ಇಲ್ಲವೆನ್ನುತ್ತೇನೆ. ಬಹುಕಾಲ ಸೇವಿಸಿದ ಸ್ಟೀರಾಯ್ಡನ್ನು ಹಠಾತ್ತನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಎರವಾಗಬಹುದು. ಅಮೃತಬಳ್ಳಿ, ಅಶ್ವಗಂಧಗಳನ್ನು ‘ರೋಗನಿರೋಧಕ ಶಕ್ತಿಗೆ’ ಎಂದು ತಾವಾಗಿ ಸೇವಿಸುವುದೂ ಇಲ್ಲಿ ಸಲ್ಲದು. ಆ ಶಕ್ತಿಯೇ ದಾರಿ ತಪ್ಪಿ ಬಂದ ರೋಗವಿದು. ನನ್ನ ಪದ್ಧತಿಯ ಕೆಲವು ಮಿತ್ರರಿಗೆ ಈ ಮಾತು ರುಚಿಸದಿರಬಹುದು.

ಮನೆಯವರು ಮಾಡಬೇಕಾದದ್ದು ಪಥ್ಯ ಮತ್ತು ಶುಶ್ರೂಷೆ. ಖಾರ, ಹುಳಿ ಬಿಟ್ಟು ಆರಿದ ಮೆತ್ತನೆಯ ಗಂಜಿ, ಬೇಳೆಕಟ್ಟು ಕೊಡಿ. ಹಸಿಗಾಯಕ್ಕೆ ಬಟ್ಟೆ ಅಂಟದಂತೆ, ವೈದ್ಯರನ್ನು ಕೇಳಿ, ಶುಚಿಗೊಳಿಸಿದ ಎಳೆಯ ಬಾಳೆಯೆಲೆ ಹಾಸಿ ಮಲಗಿಸಿ. ಆಸ್ಪತ್ರೆಗಳಲ್ಲೂ ಈ ಕ್ರಮವುಂಟು. ಜ್ವರ ಬಂದರೆ, ಗಾಯದಲ್ಲಿ ಕೀವು ಕಂಡರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.