‘ಪ್ಲೂಟೊ ಮಾಡಿದರು’ ಎನ್ನಬಹುದೇ?

2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಮಹಾಸಭೆ, ಸೌರಮಂಡಲದಲ್ಲಿ ಯಾವುದನ್ನು ಗ್ರಹ ಎನ್ನಬೇಕು ಎಂದು ನಿರ್ಧರಿಸಿತು. ಅದು ಸೂರ್ಯನನ್ನು ಸುತ್ತಬೇಕು, ತನ್ನ ಗುರುತ್ವದ ಬಲದಿಂದಲೇ ದುಂಡಗಿರಬೇಕು, ತನ್ನ ಕಕ್ಷೆಯ ಆಸುಪಾಸನ್ನು ತೆರವು ಮಾಡಿಕೊಂಡಿರಬೇಕು. ಮೂರನೆಯ ಷರತ್ತನ್ನು ಪೂರೈಸದ ಪ್ಲೂಟೊ ‘ಕುಬ್ಜ ಗ್ರಹ’ ಆಯಿತು. ಶಾಲೆಯ ಪುಸ್ತಕಗಳಲ್ಲಿ ಒಂಬತ್ತಿದ್ದ ಗ್ರಹಗಳು ಎಂಟಾದವು.

ಮರುವರ್ಷದ ಜನವರಿಯಲ್ಲಿ ಅಮೆರಿಕನ್ ಡಯಲೆಕ್ಟ್ ಸೊಸೈಟಿ 2006ರ ‘ವರ್ಷದ ಪದ’ವಾಗಿ ಆರಿಸಿದ್ದು ‘ಪ್ಲೂಟೋಡ್’ ಎಂಬ ಮಾತನ್ನು. ‘ಪ್ಲೂಟೊ’ ಎಂಬ ಹೆಸರೇ ಇಲ್ಲಿ ಕ್ರಿಯಾಪದ. ಒಬ್ಬರನ್ನು ಅಥವಾ ಒಂದು ವಸ್ತುವನ್ನು ಇದ್ದ ಸ್ಥಾನದಿಂದ ಇಳಿಸುವುದು, ಬೆಲೆ ಕಡಿಮೆ ಮಾಡುವುದು ಎಂದು ಅದರ ಅರ್ಥ. ಈ ಕ್ರಿಯಾಪದವನ್ನು ಮನುಷ್ಯರಿಗೂ ವಸ್ತುಗಳಿಗೂ ಬಳಸುವುದು ಸರಿಯೇ? ಎರಡು ನಿಲುವುಗಳು ಇಲ್ಲಿವೆ.

ಪರ: ಅಳತೆಗೋಲು ಬದಲಾದಾಗ ಬೇಕಾಗುವ ಮಾತು

ಕೆಳಗಿಳಿಸುವುದರಲ್ಲಿ ಹಲವು ಬಗೆಗಳಿವೆ. ತಪ್ಪು ಮಾಡಿದವರಿಗೆ ಹಿಂಬಡ್ತಿ ಕೊಡುತ್ತಾರೆ. ಕಣ್ಣಿಗೆ ಆಗದ ಅಧಿಕಾರಿಯನ್ನು ಎತ್ತಂಗಡಿ ಮಾಡುತ್ತಾರೆ. ಸತತವಾಗಿ ಸೋತ ಫುಟ್‌ಬಾಲ್ ತಂಡ ಕೆಳಗಿನ ಲೀಗ್‌ಗೆ ಇಳಿಯುತ್ತದೆ. ಇವಕ್ಕೆಲ್ಲ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬೇಕಾದಷ್ಟು ಮಾತುಗಳಿವೆ. ಆದರೆ ಕೆಳಗಿಳಿದವರು ತಪ್ಪೂ ಮಾಡದೆ, ಸೋಲೂ ಕಾಣದೆ, ನಿನ್ನೆ ಮಾಡಿದ ಕೆಲಸವನ್ನೇ ಇಂದೂ ಅಷ್ಟೇ ಚೆನ್ನಾಗಿ ಮಾಡುತ್ತಿರುವ ಸಂದರ್ಭಗಳೂ ಇವೆ. ಅಲ್ಲಿ ಬದಲಾಗಿರುವುದು ಅವರನ್ನು ಅಳೆಯುವ ಕೋಲು ಮಾತ್ರ. ಹುದ್ದೆಯ ಅರ್ಹತೆಯ ಸಾಲಿಗೆ ಹೊಸ ಷರತ್ತೊಂದು ಸೇರುತ್ತದೆ, ಇಪ್ಪತ್ತು ವರ್ಷ ಆ ಹುದ್ದೆಯನ್ನು ನಡೆಸಿದವರು ಮರುದಿನ ಅನರ್ಹರಾಗುತ್ತಾರೆ. ಇದನ್ನು ಒಂದೇ ಮಾತಿನಲ್ಲಿ ಹೇಳಲು ‘ಪ್ಲೂಟೊ’ಗಿಂತ ತಕ್ಕ ಹೆಸರು ಇನ್ನೊಂದಿಲ್ಲ.

ಆಗಸ್ಟ್ 23ರ ಪ್ಲೂಟೊಗೂ 24ರ ಪ್ಲೂಟೊಗೂ ಏನೂ ವ್ಯತ್ಯಾಸವಿರಲಿಲ್ಲ. ಸೂರ್ಯನ ಸುತ್ತ ಸುಮಾರು 248 ವರ್ಷಕ್ಕೊಂದು ಸುತ್ತು ಹಾಕುವ ಅದರ ನಡೆ ಹಾಗೆಯೇ ಇತ್ತು. ಬದಲಾದದ್ದು ಪ್ರಾಗ್‌ನ ಸಭಾಂಗಣದಲ್ಲಿ. ಅಂದು ಮತದಾನದಲ್ಲಿ ಪಾಲ್ಗೊಂಡವರು 424 ಖಗೋಳ ವಿಜ್ಞಾನಿಗಳು, ಅಂದರೆ ಒಕ್ಕೂಟದ ಸದಸ್ಯರಲ್ಲಿ ಶೇ 5ಕ್ಕಿಂತ ಕಡಿಮೆ. ಅದೇ ಸಭೆಯ ಮುಂದೆ ಕೆಲವು ದಿನಗಳ ಹಿಂದೆ ಬಂದಿದ್ದ ಇನ್ನೊಂದು ಕರಡಿನಂತೆ ನಡೆದಿದ್ದರೆ ಗ್ರಹಗಳು ಹನ್ನೆರಡಾಗಿ, ಪ್ಲೂಟೊ ತನ್ನ ಜಾಗದಲ್ಲೇ ಉಳಿಯುತ್ತಿತ್ತು. ಸಭೆ ಮುಗಿದ ಬೆನ್ನಿಗೇ 300ಕ್ಕೂ ಹೆಚ್ಚು ವಿಜ್ಞಾನಿಗಳು ಹೊಸ ವ್ಯಾಖ್ಯೆಯನ್ನು ಒಪ್ಪುವುದಿಲ್ಲ ಎಂಬ ಮನವಿಗೆ ಸಹಿ ಹಾಕಿದರು. ಕೆಲವರ ಕೈಯೆತ್ತುವಿಕೆ ಬಹುಜನರ ತಿಳಿವಳಿಕೆಯನ್ನು ಹೇಗೆ ಬದಲಿಸಬಲ್ಲದು ಎಂಬುದು ಕಚೇರಿ, ಪಕ್ಷ, ಸಂಘಗಳಲ್ಲಿ ದುಡಿದವರಿಗೆಲ್ಲ ಗೊತ್ತು. ಆ ಅನುಭವಕ್ಕೆ ಹೆಸರು ಸಿಕ್ಕರೆ ಅದರ ಬಗ್ಗೆ ಮಾತಾಡುವುದು ಸುಲಭವಾಗುತ್ತದೆ.

ಇಂಥ ಪದಗಳು ಹೊಸತೇನಲ್ಲ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಕೈಲಾಗದ ಬ್ರಿಟಿಷ್ ಸೇನಾಧಿಕಾರಿಗಳನ್ನು ರಣರಂಗದಿಂದ ದೂರದ ಸ್ಟೆಲನ್‌ಬಾಸ್‌ಗೆ ಕಳಿಸುತ್ತಿದ್ದರು. ಆ ಊರಿನ ಹೆಸರೇ ಆಗ ಇಂಗ್ಲಿಷ್ ಸೈನಿಕರ ಬಾಯಲ್ಲಿ ಕ್ರಿಯಾಪದವಾಯಿತು. 1914ರಲ್ಲಿ ಫ್ರೆಂಚ್ ಸೇನಾಪತಿ ಜೋಸೆಫ್ ಜೋಫ್ರ್ ತನಗೆ ಅಸಮರ್ಥರೆಂದು ಕಂಡ ಜನರಲ್‌ಗಳನ್ನು ಲಿಮೋಜ್ ಕಡೆಗೆ ಸಾಗಹಾಕಿದಾಗ ಹುಟ್ಟಿದ ‘ಲಿಮೋಜೆ’ ಎಂಬ ಕ್ರಿಯಾಪದ, ಅಧಿಕಾರದಿಂದ ಕಿತ್ತುಹಾಕುವುದು ಎಂಬ ಅರ್ಥದಲ್ಲಿ ಫ್ರೆಂಚ್ ಪತ್ರಿಕೆಗಳಲ್ಲಿ ಇಂದಿಗೂ ನಡೆಯುತ್ತಿದೆ. 1880ರಲ್ಲಿ ಐರ್ಲೆಂಡಿನ ರೈತರು ದೂರವಿಟ್ಟ ಕ್ಯಾಪ್ಟನ್ ಬಾಯ್ಕಾಟ್‌ನ ಹೆಸರು ನಮ್ಮ ಪತ್ರಿಕೆಗಳ ತಲೆಬರಹಕ್ಕೂ ಬಂದಿದೆ. ಜನ ಒಂದು ಘಟನೆಯನ್ನು ಮರೆಯಬಾರದು ಎಂದುಕೊಂಡಾಗ ಅದನ್ನು ಕ್ರಿಯಾಪದದಲ್ಲಿ ಕಾಪಿಟ್ಟುಕೊಳ್ಳುತ್ತಾರೆ.

ಎಲ್ಲಕ್ಕಿಂತ ಮುಖ್ಯವಾಗಿ, ಈ ಮಾತು ಕೇಳುವವರನ್ನು ಕೆಳಗಿಳಿದವರ ಪಕ್ಕಕ್ಕೆ ತಂದು ನಿಲ್ಲಿಸುತ್ತದೆ. 24ರ ಹರೆಯದ ಕ್ಲೈಡ್ ಟೊಂಬೊ ಅರಿಜೋನದ ಲೋವೆಲ್ ವೀಕ್ಷಣಾಲಯದಲ್ಲಿ 1930ರಲ್ಲಿ ಕಂಡುಹಿಡಿದ, ಆಕ್ಸ್‌ಫರ್ಡ್‌ನ ಹನ್ನೊಂದು ವರ್ಷದ ಬಾಲಕಿ ವೆನೀಷಿಯಾ ಬರ್ನಿ ಹೆಸರು ಸೂಚಿಸಿದ ಈ ಪುಟ್ಟ ಲೋಕವನ್ನು ಜನ ಬಿಟ್ಟುಕೊಡಲಿಲ್ಲ. ಅಮೆರಿಕದ ರಾಜ್ಯಗಳಾದ ನ್ಯೂ ಮೆಕ್ಸಿಕೊ 2007ರಲ್ಲಿ, ಇಲಿನಾಯ್ 2009ರಲ್ಲಿ ಪ್ಲೂಟೊ ಪರವಾಗಿ ನಿರ್ಣಯ ಮಾಡಿದವು. ಅರಿಜೋನ 2024ರಲ್ಲಿ ಅದನ್ನು ತನ್ನ ಅಧಿಕೃತ ಗ್ರಹವೆಂದೇ ಸಾರಿತು. 2015ರ ಜುಲೈ 14ರಂದು ನ್ಯೂ ಹೊರೈಜನ್ಸ್ ನೌಕೆ ಹತ್ತಿರದಿಂದ ಹಾದುಹೋದಾಗ ಸಾರಜನಕದ ಹಿಮಬಯಲು, ನೀರ್ಗಲ್ಲಿನ ಬೆಟ್ಟ, ನೀಲಿ ಮಬ್ಬಿನ ವಾತಾವರಣ ಕಂಡವು. ಪಟ್ಟ ಹೋದರೂ ಸತ್ವ ಹೋಗಲಿಲ್ಲ. ಮೂಲೆಗೆ ತಳ್ಳಿಸಿಕೊಂಡವರಿಗೆ ಹೇಳಬೇಕಾದ ಮಾತು ಇದೇ. ‘ಪ್ಲೂಟೊ ಮಾಡಿದರು’ ಎಂಬುದರಲ್ಲಿ ಆ ಗೌರವ ಅಡಗಿದೆ. ಆದ್ದರಿಂದ ಅದನ್ನು ಧಾರಾಳವಾಗಿ ಬಳಸಬೇಕು.

ವಿರೋಧ: ತಿದ್ದುಪಡಿಗೂ ಅನ್ಯಾಯಕ್ಕೂ ಒಂದೇ ಹೆಸರು ಬೇಡ

ಕೆಳಗಿಳಿದವರ ಮೇಲಿನ ಕನಿಕರ ಸರಿಯಾದದ್ದೇ. ಆದರೆ ಈ ಪದ ಎರಡು ಕಡೆ ಹಾನಿ ಮಾಡುತ್ತದೆ. ವಿಜ್ಞಾನದಲ್ಲಿ ಅನ್ಯಾಯವೇ ಇಲ್ಲದ ಕಡೆ ಅನ್ಯಾಯವನ್ನು ಕಾಣಿಸುತ್ತದೆ. ಮನುಷ್ಯರ ನಡುವೆ ಅನ್ಯಾಯ ನಡೆದಾಗ ಅದನ್ನು ಮಾಡಿದವರನ್ನು ಮರೆಮಾಡುತ್ತದೆ.

ಮೊದಲು ವಿಜ್ಞಾನ. ಅಳತೆಗೋಲು ಒಂದೇ ದಿನದಲ್ಲಿ ಬದಲಾಯಿತು ಎಂಬುದು ಅರ್ಧ ಸತ್ಯ. 1930ರ ದಶಕದಲ್ಲಿ ಪ್ಲೂಟೊಗೆ ಭೂಮಿಯಷ್ಟೇ ದ್ರವ್ಯರಾಶಿ ಇರಬಹುದು ಎಂಬ ಲೆಕ್ಕವಿತ್ತು. 1978ರಲ್ಲಿ ಅದರ ಉಪಗ್ರಹ ಶೇರನ್ ಸಿಕ್ಕಿದ ಮೇಲೆ ಅದನ್ನು ಸರಿಯಾಗಿ ತೂಗಲು ಸಾಧ್ಯವಾಯಿತು. ಭೂಮಿಯ ಐನೂರರಲ್ಲಿ ಒಂದು ಪಾಲಿನ ಆಸುಪಾಸು ಮಾತ್ರ. ನಮ್ಮ ಚಂದ್ರನೇ ಅದಕ್ಕಿಂತ ಐದು ಪಟ್ಟಿಗೂ ಹೆಚ್ಚು ಭಾರ. 1992ರಲ್ಲಿ ಡೇವಿಡ್ ಜೂಯಿಟ್ ಮತ್ತು ಜೇನ್ ಲೂ ನೆಪ್ಚೂನ್‌ನಾಚೆ ಇನ್ನೊಂದು ಕಾಯವನ್ನು ಗುರುತಿಸಿದರು. ಅಲ್ಲಿಂದ ಮುಂದೆ ಅಂಥವು ಸಾಲುಸಾಲಾಗಿ ಸಿಕ್ಕಿ, ಕೈಪರ್ ಪಟ್ಟಿ ಎಂಬ ಹಿಮಕಾಯಗಳ ದೊಡ್ಡ ಬಳಗವೇ ಕಣ್ಣಿಗೆ ಬಿತ್ತು. 2005ರಲ್ಲಿ ಮೈಕ್ ಬ್ರೌನ್ ಮತ್ತು ಸಂಗಡಿಗರು ಪ್ರಕಟಿಸಿದ ಎರಿಸ್ ಎಂಬ ಕಾಯ, ಪ್ಲೂಟೊಗಿಂತ ಸುಮಾರು ಕಾಲು ಪಾಲು ಹೆಚ್ಚು ತೂಕದ್ದು. ಪ್ಲೂಟೊ ಗ್ರಹವಾದರೆ ಎರಿಸ್ ಏಕಲ್ಲ ಎಂಬ ಪ್ರಶ್ನೆಗೆ ಉತ್ತರ ಹೇಳದೆ ಗತ್ಯಂತರವಿರಲಿಲ್ಲ. ಪ್ಲೂಟೊವನ್ನು ಗ್ರಹವಾಗಿ ಉಳಿಸಿಕೊಂಡಿದ್ದರೆ ಹತ್ತನೆಯ ಗ್ರಹವನ್ನು ಕಂಡ ಕೀರ್ತಿ ಬ್ರೌನ್‌ಗೆ ಸಲ್ಲುತ್ತಿತ್ತು. ಅವರೇ ಎಂಟು ಗ್ರಹಗಳ ಪರ ನಿಂತರು.

ಇಂಥದ್ದು ಹಿಂದೆಯೂ ನಡೆದಿತ್ತು. 1801ರ ಜನವರಿ 1ರಂದು ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾತ್ಸಿ ಕಂಡ ಸೀರಿಸ್ ಸುಮಾರು ಅರ್ಧ ಶತಮಾನ ಗ್ರಹಗಳ ಸಾಲಿನಲ್ಲಿತ್ತು. ಅದೇ ಹಾದಿಯಲ್ಲಿ ಇನ್ನಷ್ಟು ಕಾಯಗಳು ಸಿಕ್ಕ ಮೇಲೆ ಕ್ಷುದ್ರಗ್ರಹ ಎನಿಸಿತು. 2006ರಲ್ಲಿ ಅದೇ ವ್ಯಾಖ್ಯೆಯಿಂದ ಕುಬ್ಜ ಗ್ರಹವಾಗಿ ಮೇಲೇರಿತು ಕೂಡ. ಅಂದರೆ ಪ್ರಾಗ್‌ನ ನಿರ್ಣಯ ಒಂದನ್ನು ಇಳಿಸಿದಾಗಲೇ ಇನ್ನೊಂದನ್ನು ಏರಿಸಿತು. ಹೊಸ ಪುರಾವೆ ಬಂದಾಗ ಹಳೆಯ ಪಟ್ಟಿಯನ್ನು ತಿದ್ದುವುದು ವಿಜ್ಞಾನದ ಧರ್ಮ. ಆ ತಿದ್ದುಪಡಿಯನ್ನು ಅವಮಾನದ ಉಪಮೆಯಾಗಿ ದಿನನಿತ್ಯ ಆಡಿದರೆ, ವಿಜ್ಞಾನವೆಂದರೆ ಬಲಾಬಲದ ಆಟ, ಮತ ಹೆಚ್ಚಿದ್ದವರದೇ ಸತ್ಯ ಎಂಬ ಭಾವನೆ ಮಕ್ಕಳಲ್ಲಿ ಬೇರೂರುತ್ತದೆ. ಲಸಿಕೆ, ಹವಾಮಾನ ಮುಂತಾದ ವಿಷಯಗಳಲ್ಲಿ ಆ ಭಾವನೆಗೆ ನಾವು ತೆರುತ್ತಿರುವ ಬೆಲೆ ದೊಡ್ಡದು.

ಇನ್ನು ಮನುಷ್ಯರ ವಿಷಯ. ಸ್ಟೆಲನ್‌ಬಾಸ್, ಲಿಮೋಜ್‌ಗಳ ಹಿಂದೆ ಆಜ್ಞೆ ಕೊಟ್ಟ ಸೇನಾಪತಿಗಳಿದ್ದರು. ‘ಪ್ಲೂಟೋಡ್’ ಎಂಬ ರೂಪದಲ್ಲಿ ಮಾಡಿದವರೇ ಇಲ್ಲ, ಅನುಭವಿಸಿದವರು ಮಾತ್ರ ಇದ್ದಾರೆ. ಹೆರಿಗೆ ರಜೆ ಮುಗಿಸಿ ಬಂದಾಕೆಯ ಕೈಯಿಂದ ಮುಖ್ಯವಾದ ಕೆಲಸ ತಪ್ಪಿತು ಎನ್ನೋಣ. ಪ್ರಶ್ನೆ ಕೇಳಿದ ನೌಕರನ ಕುರ್ಚಿ ದಾಸ್ತಾನು ಕೋಣೆಗೆ ಹೋಯಿತು ಎನ್ನೋಣ. ಅವರನ್ನು ಆಕಾಶದ ಒಂದು ಕಾಯಕ್ಕೆ ಹೋಲಿಸಿದ ಕೂಡಲೇ ಆದದ್ದು ಯಾರೂ ಹೊಣೆಯಲ್ಲದ ಖಗೋಳದ ಘಟನೆಯಂತೆ ಕಾಣುತ್ತದೆ. ಪ್ಲೂಟೊಗೆ ನೋವಿಲ್ಲ, ಸಂಬಳವಿಲ್ಲ, ಮೇಲ್ಮನವಿಯೂ ಇಲ್ಲ. ಮನುಷ್ಯರಿಗೆ ಮೂರೂ ಇವೆ.

ನಮ್ಮ ಸಂವಿಧಾನದ 311ನೇ ವಿಧಿ ಇದನ್ನು ಬಲ್ಲದು. ಆರೋಪವೇನೆಂದು ತಿಳಿಸಿ, ವಿಚಾರಣೆ ನಡೆಸಿ, ಅಹವಾಲು ಹೇಳಿಕೊಳ್ಳಲು ತಕ್ಕ ಅವಕಾಶ ಕೊಡದೆ ಸರ್ಕಾರಿ ಸೇವೆಯಲ್ಲಿರುವವರನ್ನು ವಜಾ ಮಾಡುವುದಾಗಲಿ ದರ್ಜೆ ಇಳಿಸುವುದಾಗಲಿ ಸಲ್ಲದು ಎನ್ನುತ್ತದೆ. ಅದರ ವಿನಾಯಿತಿಗಳನ್ನು ಸಂವಿಧಾನವೇ ಎಣಿಸಿ ಹೇಳಿದೆ. ಕೆಳಗಿಳಿಸುವುದು ಎಷ್ಟು ಗಂಭೀರ ಎಂಬುದನ್ನು ಅರಿತೇ ಹಾಗೆ ಬರೆದದ್ದು. ಖಾಸಗಿ ಕಚೇರಿಯಲ್ಲಿ ಈ ವಿಧಿಯ ರಕ್ಷಣೆ ಇಲ್ಲ. ಹಾಗಿರುವಾಗ ಅಲ್ಲಿ ಮಾತಾದರೂ ನೇರವಾಗಿರಬೇಕು.

ಪ್ರಶಸ್ತಿ ಬಂದರೂ ‘ಪ್ಲೂಟೋಡ್’ ಇಂಗ್ಲಿಷಿನ ಆಡುಮಾತಿನಲ್ಲಿ ಬಾಯ್ಕಾಟ್‌ನಂತೆ ಬೇರು ಬಿಡಲಿಲ್ಲ. ಅದನ್ನು ಎರವಲು ತಂದು ಇಲ್ಲಿ ನೆಡಬೇಕಾದ ಜರೂರೂ ಇಲ್ಲ. ‘ಮೂಲೆಗುಂಪು ಮಾಡಿದರು’, ‘ಎತ್ತಂಗಡಿ ಮಾಡಿದರು’ ಎಂದರೆ ಕೇಳಿದವರು ಒಡನೆ ‘ಯಾರು? ಏಕೆ?’ ಎನ್ನುತ್ತಾರೆ. ‘ಮೂಲೆಗುಂಪಾದರು’ ಎಂದು ಜಾರಿಕೊಳ್ಳುವ ಚಟ ನಮ್ಮಲ್ಲೂ ಇದೆ. ಅದನ್ನೂ ಬಿಡಬೇಕು. ಹೊಸ ಪುರಾವೆಯಿಂದ ಒಂದು ವಸ್ತುವಿನ ಸ್ಥಾನ ಬದಲಾದರೆ ಪುರಾವೆ ಏನೆಂದು ಹೇಳೋಣ. ಒಬ್ಬ ಮನುಷ್ಯನನ್ನು ಕೆಳಗಿಳಿಸಿದರೆ ಯಾರು ಇಳಿಸಿದರು, ಯಾವ ನಿಯಮದ ಮೇಲೆ ಇಳಿಸಿದರು, ಆತನ ಮಾತನ್ನು ಕೇಳಿದರೇ ಎಂದು ಹೇಳೋಣ. ಕೆಳಗಿಳಿದವರಿಗೆ ನ್ಯಾಯ ಸಿಗಬೇಕಾದರೆ ಮೊದಲು ಬೇಕಾದದ್ದು ಇಳಿಸಿದವರ ಹೆಸರು.