ಗ್ರೈಂಡರ್ ಹಿಡಿಯೋ ಮೊದ್ಲು ಹೆಸರು ಕೇಳಿ

1/4
ಹ್ವಾಯ್, ಹಳೇ ಬಾಕನ್ನು ಗ್ರೈಂಡರ್ ಚಕ್ರಕ್ಕೆ ಹಿಡಿದು ಕಿಡಿ ಹಾರಿಸೋ ರೀಲ್ ಕಂಡು ಬೆಂಕಿ ಇಮೋಜಿ ಒತ್ತಿದವರೆಲ್ಲ ಸ್ವಲ್ಪ ಇಲ್ಲಿ ಕಾಣಿ. ಕೊಕ್ಕರ್ಣೆ, ಬಾರ್ಕೂರು ಕಡೆ ಹಳೇ ಮನೆ ಕೆಡವಿದಾಗ ಅಟ್ಟದಿಂದ ಇಳಿಯೋ ಕಬ್ಬಿಣಕ್ಕೆ ಈಗ ಎರಡೇ ದಾರಿ. ಒಂದೋ ಗುಜರಿಯವರ ತಕ್ಕಡಿ, ಇಲ್ಲಾ ನಮ್ಮ 'ಆಂಟಿಕ್ ಕಲೆಕ್ಟರ್' ದೋಸ್ತಿಗಳ ರೀಲ್. ನನ್ನ ಜಗಳ ಎರಡನೆಯವರ ಜೊತೆ. ಗುಜರಿಯವರು ಕಬ್ಬಿಣವನ್ನು ಕಬ್ಬಿಣ ಅಂತಲೇ ಹೇಳ್ತಾರೆ. ನೀವು ಮಾತ್ರ ತುಕ್ಕು ಹಿಡಿದದ್ದೆಲ್ಲ 'ಟಿಪ್ಪು ಕಾಲದ್ದು' ಅಂತ ಬರೀತೀರಿ. ಟಿಪ್ಪು ಸತ್ತದ್ದು 1799ರಲ್ಲಿ. ಅವನ ಸೈನ್ಯದಲ್ಲಿ ಇದ್ದದ್ದಕ್ಕಿಂತ ಹೆಚ್ಚು ಕತ್ತಿ ಈಗ ಇನ್‌ಸ್ಟಾಗ್ರಾಮ್‌ನಲ್ಲಿ ಇರ್ಬೇಕು!

2/4
ಗುರುತಿಸೋದು ಅಂದ್ರೆ ಎಂತ ಅಂತ ಕೊಡಗಿನವರನ್ನು ಕಂಡು ಕಲೀಬೇಕು. ಕುಪ್ಯ ಹಾಕಿ, ಚೇಲೆ ಕಟ್ಟಿ, ಮುಂದೆ ಸಿಕ್ಕಿಸೋದು ಪೀಚೆಕತ್ತಿ. ಹೆಚ್ಚುಕಮ್ಮಿ ಗೇಣುದ್ದದ ಅಗಲ ಅಲಗು, ಒಂದೇ ಕಡೆ ಹರಿತ. ಹಿಡಿಯ ತುದಿ ಎಷ್ಟೋ ಸಲ ಗಿಳಿಮೂತಿ. ಒರೆಗೆ ಬೆಳ್ಳಿ ಅಥವಾ ಹಿತ್ತಾಳೆ ಕಟ್ಟು, ಅದಕ್ಕೊಂದು ಸರಪಳಿ, ಸರಪಳಿಯಲ್ಲಿ ಚಿಮಟ, ಕಿವಿಗುಗ್ಗೆ ತೆಗೆಯೋ ಕಡ್ಡಿ. ಬೆನ್ನಿಗೆ ತೊಡಂಗ್‌ನಲ್ಲಿ ಸಿಕ್ಕಿಸೋದು ಒಡಿಕತ್ತಿ. ಅದು ಅಗಲ, ಬಾಗು, ಹರಿತ ಇರೋದು ಬಾಗಿನ ಒಳಗಡೆ. ಕೈಲ್‌ಪೊಳ್ದ್‌ ದಿನ ಇವೆಲ್ಲ ಪೂಜೆಗೆ ಕೂತ್ಕೊಳ್ತವೆ. ಹಾಗಾಗಿ ಅಲ್ಲಿನ ಸಣ್ಣ ಮಕ್ಕಳಿಗೂ ಹೆಸರು ಬಾಯಿಗೆ ಬರತ್ತೆ.

ಅದೇ ಒಡಿಕತ್ತಿ ಮನೆ ಬಿಟ್ಟು ಮಾರಾಟಕ್ಕೆ ಹೋದ್ರೆ ಮಲಬಾರಿನ ಮಾಪಿಳ್ಳೆ ಕತ್ತಿ ಅನ್ನೋ ಚೀಟಿ ಅಂಟ್ಕೊಳ್ಳೋದುಂಟು. ಒರೆ, ಸರಪಳಿ, ತೊಡಂಗ್ ಬೇರೆ ಬೇರೆ ಮಾರಿದ್ರಂತೂ ಕಥೆ ಮುಗೀತು. 1880ರಲ್ಲೇ ಎಗರ್ಟನ್ ಅನ್ನೋ ಇಂಗ್ಲಿಷಿನವ ಭಾರತದ ಆಯುಧಗಳ ಪಟ್ಟಿ ಮಾಡಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಆಳೋಕೆ ಬಂದವರಿಗಿದ್ದ ಆಸಕ್ತಿ ಅಟ್ಟ ಇರೋ ನಮಗೆ ಯಾಕಿಲ್ಲ?

3/4
ಇದು ನಮ್ಮೊಬ್ಬರ ಪಾಡಲ್ಲ. ಫಿಲಿಪೀನ್ಸ್‌ನ ಮಿಂಡನಾವೋ, ಸುಲು ಕಡೆಯ ಮೋರೋ ಜನರ ಕ್ರಿಸ್ ಇದೆಯಲ್ಲ, 1900ರ ಆಸುಪಾಸಿನ ಯುದ್ಧದಲ್ಲಿ ಅಮೆರಿಕದ ಸೈನಿಕರು ಅದನ್ನು ನೆನಪಿನ ವಸ್ತು ಅಂತ ಊರಿಗೆ ಹೊತ್ಕೊಂಡು ಹೋದ್ರು. ಇಂಡೋನೇಷ್ಯಾದ ಕ್ರಿಸ್ ಚುಚ್ಚೋ ಬಾಕು, ಮೋರೋಗಳದ್ದು ದೊಡ್ಡದು, ಕಡಿಯೋ ಕತ್ತಿ. ಅದರ ಬುಡದಲ್ಲಿ ಗಂಗ್ಯ ಅಂತ ಒಂದು ಭಾಗ ಇರತ್ತೆ. ಹಳೇದರಲ್ಲಿ ಅದು ನಿಜವಾಗ್ಲೂ ಬೇರೆ ತುಂಡು, ಈಚಿನ ಎಷ್ಟೋ ಕ್ರಿಸ್‌ಗಳಲ್ಲಿ ಬರೀ ಕೊರೆದ ಗೆರೆ. ಬಲ್ಲವರು ವಯಸ್ಸು ಅಂದಾಜು ಮಾಡೋಕೆ ಆ ಕೂದಲೆಳೆಯಷ್ಟು ಸಂದನ್ನು ಹುಡುಕ್ತಾರೆ. ಈಗ ಅಲ್ಲಿ ನಿಮ್ಮ ಗ್ರೈಂಡರ್ ಇಟ್ಕಾಣಿ. ಹತ್ತು ಸೆಕೆಂಡು ಸಾಕು.

ನಮ್ಮ ಉಕ್ಕಿನದ್ದೂ ಹಾಗೇ. 'ವುಟ್ಜ್' ಅಂತ ಜಗತ್ತು ಕೊಂಡಾಡೋ ಮಾತು ನಮ್ಮ 'ಉಕ್ಕು'ವಿನಿಂದಲೇ ಬಂದದ್ದು ಅಂತ ಹೇಳೋ ವಿದ್ವಾಂಸರು ಇದ್ದಾರೆ. ಆ ಉಕ್ಕಿನ ಅಲೆ ಅಲೆ ಗೆರೆಗಳು ಕಾಣೋದು ಅಲಗಿನ ಮೈಮೇಲೆ. ಫಳಫಳ ಮಾಡಿದ್ರೆ ಆ ಗೆರೆ ಮಾಯ, ಉಳಿಯೋದು ಸ್ಟೀಲ್ ಚಮಚದ ಹೊಳಪು. ಲೈಕ್ ಮಾತ್ರ ಬರ್ತದೆ, ಅದು ಹೌದು.

4/4
'ನಾವು ತಗೊಳ್ದಿದ್ರೆ ಕರಗಿಸಿ ಸರಳು ಮಾಡ್ತಾರೆ ಮಾರಾಯ' ಅಂತೀರಿ. ಒಪ್ಪಿದೆ. ಗುಜರಿಯಿಂದ ಉಳಿಸಿ, ಬೇಡ ಅಂದವರಾರು? ಆದ್ರೆ ಹೆಸರಿಲ್ಲದೆ ಉಳಿಸಿದ್ದು ಅರ್ಧ ಕರಗಿಸಿದ ಹಾಗೇ. ಮೂರ್ತೆ ಮಾಡುವವರ ಅಗಲ ಕತ್ತಿಗೆ 'ಯುದ್ಧದ ಆಯುಧ' ಅಂತ ಬರೆದ್ರೆ ಮರ ಹತ್ತಿ ಬದುಕಿದ ಒಂದು ಮನೆತನವನ್ನೇ ಅಳಿಸಿದ ಹಾಗೆ. ದೈವದ ಪಾತ್ರಿ ಹಿಡಿಯೋ ಖಡ್ಸಲೆ ಅಂತೂ ಕಲೆಕ್ಷನ್ನೇ ಅಲ್ಲ. ಯಾರಾದ್ರೂ ಮಾರೋಕೆ ತಂದ್ರೆ ಅದು ಯಾವ ದೈವಸ್ಥಾನದ್ದು ಅಂತ ಮೊದ್ಲು ಕೇಳಿ.

ಕಾನೂನೂ ಉಂಟು. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವಿನ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸೋ ಹಾಗೇ ಇಲ್ಲ. 'ಡಿಎಂ ಫಾರ್ ಪ್ರೈಸ್' ಅಂತ ಹಾಕೋರು ಓದ್ಕೊಳ್ಳಿ.

ಮನೇಲಿ ಇಂಥದ್ದು ಇದ್ರೆ ಹೊಲಿಗೆ ಮಿಷನ್ನಿನ ಎಣ್ಣೆ ಬಟ್ಟೆಗೆ ಹಾಕಿ ತೆಳ್ಳಗೆ ಒರೆಸಿ, ಅಷ್ಟೇ. ನಮ್ಮ ಮಳೆಗಾಲದಲ್ಲಿ ಚರ್ಮದ ಒರೆಯೊಳಗೆ ಬಿಡ್ಬೇಡಿ, ಅದು ತೇವ ಹಿಡಿದಿಟ್ಕೊಳ್ತದೆ. ಒರೆ ಪಕ್ಕದಲ್ಲೇ ಇರಲಿ, ಬಿಸಾಡ್ಬೇಡಿ. ಒಂದು ಚೀಟಿಯಲ್ಲಿ ಯಾರ ಮನೆ, ಯಾವ ಊರು, ಎಂತಕ್ಕೆ ಬಳಸ್ತಿದ್ರು ಅಂತ ಬರೆದು ಜೊತೆಗಿಡಿ. ಹೆಸರು ಗೂಗಲ್ ಲೆನ್ಸ್ ಹತ್ರ ಕೇಳ್ಬೇಡಿ. ಅಜ್ಜಿ ಹತ್ರ ಕೇಳಿ, ಕುಲುಮೆಯ ಆಚಾರ್ರ ಹತ್ರ ಕೇಳಿ. ಅವರು ಹೇಳಿದ ಮಾತನ್ನು ತಿದ್ದದೆ ಹಾಗೇ ಕಾಮೆಂಟಲ್ಲಿ ಹಾಕಿ. ಕುಂದಾಪ್ರ ಕನ್ನಡ ಆದ್ರೂ ಸರಿ, ತುಳು ಆದ್ರೂ ಸರಿ. ಕತ್ತಿಯ ಫೋಟೋ ಆಮೇಲೆ ಕಾಂಬ.