ಮೆಣಸಿನಕಾಯಿ ಮುಟುರು: ಹೊಲಕ್ಕೆ ಎಣ್ಣೆ ಹೊಡೆಯೋ ಮುಂಚೆ ಟ್ರೇ ನೋಡಿ

ಕಾಲುವೆಗೆ ನೀರು ಬಿಡ್ತಾರೆ ಅನ್ನೋ ಸುದ್ದಿ ಬಂದರೆ ಸಾಕು, ಕುರುಗೋಡು ಸುತ್ತಮುತ್ತಲ ನರ್ಸರಿಗಳ ಮುಂದೆ ಟ್ರ್ಯಾಕ್ಟರ್, ಟಂಟಂ ಸಾಲು ನಿಲ್ಲುತ್ತವೆ. ಯಾವ ತಳಿ, ಎಷ್ಟು ದಿನದ ಸಸಿ, ಏನು ದರ. ಕೇಳೋದು ಈ ಮೂರೇ ಪ್ರಶ್ನೆ. ಎಲೆ ಮಗುಚಿ ನೋಡಿದವರನ್ನ ನಾನು ಕಂಡಿದ್ದು ಕಮ್ಮಿ. ಒಂದು ತಿಂಗಳು ಕಳೆದ ಮೇಲೆ ಅದೇ ರೈತರು ಮುದುಡಿದ ಕುಡಿ ಹಿಡ್ಕೊಂಡು ಗೊಬ್ಬರದ ಅಂಗಡಿ ಮುಂದೆ ನಿಂತಿರ್ತಾರೆ. "ಅಣ್ಣ, ಮುಟುರು ಬಂದೈತಿ, ಏನರ ಛಲೋ ಎಣ್ಣಿ ಕೊಡು."

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಮೈಟ್ ನುಸಿಯ ಕಾಟದಲ್ಲಿ ಒಂದು ದೊಡ್ಡ ಪಾಲು ಹೊಲದಲ್ಲಿ ಹುಟ್ಟಿದ್ದಲ್ಲ, ನಾವೇ ಟ್ರೇಯಲ್ಲಿ ಹೊತ್ತು ತಂದದ್ದು. ಅದನ್ನ ತಡೆಯೋ ಜಾಗ ಹೊಲ ಅಲ್ಲ, ನೆರಳುಪರದೆ.

ಇದನ್ನ ನಾನು ಕಲಿತದ್ದು ತೋಟಗಾರಿಕೆ ಕಾಲೇಜಿನಲ್ಲಿ ಅಲ್ಲ, ಕೈ ಸುಟ್ಟುಕೊಂಡ ಮೇಲೆ. ಸಾವಯವಕ್ಕೆ ಬಂದ ಹೊಸದರಲ್ಲಿ ಒಂದು ನರ್ಸರಿಯಿಂದ ಎಕರೆಗಾಗುವಷ್ಟು ಸಸಿ ತಂದು ಹಚ್ಚಿದೆ. ಮೂರನೇ ವಾರಕ್ಕೆ ಕುಡಿ ಮುದುಡಿತು. 2021ರಲ್ಲಿ ಕಪ್ಪು ಥ್ರಿಪ್ಸ್ ಮಾಡಿದ ಹಾವಳಿ ತಲೆಯಲ್ಲಿ ಕೂತಿತ್ತು, ಇದೂ ಅದೇ ಅಂದುಕೊಂಡೆ. ನೀಲಿ ಅಂಟು ಹಾಳೆ ಕಟ್ಟಿದೆ, ಬೇವಿನೆಣ್ಣೆಯನ್ನ ಎಲೆಯ ಮೇಲಷ್ಟೇ ಹೊಡೆದೆ. ಹಾಳೆಗೆ ಹೆಚ್ಚೇನೂ ಅಂಟಲಿಲ್ಲ, ಗಿಡ ಮಾತ್ರ ಕುಗ್ಗುತ್ತಾ ಹೋಯಿತು. ಕೊನೆಗೆ ಕುಡಿಯನ್ನ ಭೂತಗನ್ನಡಿ ಕೆಳಗೆ ಇಟ್ಟಾಗ ಕಂಡದ್ದು ಹಳದಿ ಮೈಟ್ ನುಸಿ. ಅದಕ್ಕೆ ರೆಕ್ಕೆಯೇ ಇಲ್ಲ, ಅಂಟು ಹಾಳೆಗೆ ಹಾರಿ ಬರೋದಾದರೂ ಹೇಗೆ?

ನಮ್ಮಲ್ಲಿ ಥ್ರಿಪ್ಸ್‌ಗೂ ನುಸಿ ಅಂತೀವಿ, ಮೈಟ್‌ಗೂ ನುಸಿ ಅಂತೀವಿ. ಅರ್ಧ ತೊಂದರೆ ಅಲ್ಲೇ ಶುರು. ಥ್ರಿಪ್ಸ್ ಕೀಟ, ಆರು ಕಾಲು. ಮೈಟ್ ಜೇಡನ ಬಳಗ, ಬೆಳೆದ ಮೇಲೆ ಎಂಟು ಕಾಲು. ಗುರುತು ಹಿಡಿಯೋದು ಕಷ್ಟವಲ್ಲ:

ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾದರೆ ಥ್ರಿಪ್ಸ್.

ಅಂಚು ಕೆಳಕ್ಕೆ ಮಡಚಿ ದೋಣಿ ಬೋರಲು ಹಾಕಿದಂತಿದ್ದು, ಎಲೆ ಸಣ್ಣಗಾಗಿ, ತೊಟ್ಟು ಉದ್ದವಾಗಿ, ಎಲೆಯ ಕೆಳಭಾಗ ತಾಮ್ರದ ಬಣ್ಣಕ್ಕೆ ತಿರುಗಿದರೆ ಹಳದಿ ಮೈಟ್.

ಎಲೆ ತಿಳಿಹಳದಿಯಾಗಿ, ನರ ದಪ್ಪಗಾಗಿ, ಗಿಡ ಗುಜ್ಜಾದರೆ ಬಿಳಿನೊಣ ಹರಡುವ ನಂಜು ರೋಗ. ಅದಕ್ಕೆ ಯಾವ ಎಣ್ಣೆಯೂ ಇಲ್ಲ, ಗಿಡ ಕಿತ್ತು ನಾಶ ಮಾಡೋದೇ ದಾರಿ.

ಮೂರೂ ಒಟ್ಟಿಗೆ ಬರೋದೂ ಉಂಟು. ಅನುಮಾನ ಇದ್ದರೆ ನಾಲ್ಕು ಕುಡಿ ಕವರಿನಲ್ಲಿ ಹಾಕಿ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಗುರುತಿಲ್ಲದೆ ಹೊಡೆದರೆ ಹಣವೂ ಹೋಗುತ್ತೆ, ನುಸಿಯೂ ಉಳಿಯುತ್ತೆ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಮೈಟನ್ನ ಕೊಲ್ಲೋದಿಲ್ಲ. ಪೈರೆಥ್ರಾಯ್ಡ್ ಗುಂಪಿನವು ಮೈಟನ್ನ ತಿಂದು ಬದುಕೋ ಮಿತ್ರ ನುಸಿಗಳನ್ನ ಮೊದಲು ಮುಗಿಸ್ತವೆ. ಹೊಡೆದ ಮೇಲೆ ಕಾಟ ಜಾಸ್ತಿ ಆಯ್ತು ಅನ್ನೋ ರೈತರ ಮಾತಿನ ಹಿಂದೆ ಇರೋ ಕಾರಣ ಇದೇ.

ಇನ್ನು ನೆರಳುಪರದೆಯ ವಿಷಯ. ಹಳದಿ ಮೈಟ್‌ಗೆ ಬೇಕಾದ್ದು ಹಿತವಾದ ಶಾಖ, ತೇವದ ಗಾಳಿ, ಎಳೆ ಕುಡಿ, ಒತ್ತೊತ್ತಾದ ಗಿಡ. ನರ್ಸರಿ ಅದಕ್ಕೆ ಹೇಳಿ ಮಾಡಿಸಿದ ಮನೆ. ಅನುಕೂಲದ ಹವೆಯಲ್ಲಿ ಒಂದು ತಲೆಮಾರು ವಾರದೊಳಗೆ ಮುಗಿಯುತ್ತೆ. ಅಂದರೆ 40 ದಿನದ ಸಸಿಯಲ್ಲಿ ಎಷ್ಟು ತಲೆಮಾರು ಆಗಿರಬಹುದು ಲೆಕ್ಕ ಹಾಕಿ.

ಇದು ನಮ್ಮೊಬ್ಬರ ಕಷ್ಟವೂ ಅಲ್ಲ. ಮೆಣಸಿನಕಾಯಿ ಕುಟುಂಬಕ್ಕೇ ಸೇರಿದ ಬ್ರುಗ್ಮಾನ್ಸಿಯಾ ಅನ್ನೋ ಹೂಗಿಡ ಇದೆ, ದತ್ತೂರಿಯ ಹತ್ತಿರದ ನೆಂಟ, ಕಹಳೆಯಂಥ ಹೂವು ಕೆಳಮುಖ ತೂಗುತ್ತೆ. ಚಳಿದೇಶಗಳಲ್ಲಿ ಅದನ್ನ ಚಳಿಗಾಲಕ್ಕೆ ಮನೆಯೊಳಗೆ ಇಟ್ಟು ವಸಂತದಲ್ಲಿ ಹೊರಗೆ ತರ್ತಾರೆ. ಒಳಗಿನ ಬೆಚ್ಚಗಿನ ಒಣಗಾಳಿಯಲ್ಲಿ ಜೇಡ ನುಸಿ ತುಂಬಿಕೊಂಡಿರುತ್ತೆ. ತಿಳಿದವರು ಎಲೆಯ ತಳ ನೋಡಿ, ನೀರಿನಿಂದ ತೊಳೆದು, ಆಮೇಲೇ ತೋಟಕ್ಕೆ ಇಡ್ತಾರೆ. ನುಸಿಯ ಜಾತಿ ಬೇರೆ, ನಿಯಮ ಒಂದೇ: ಒಳಗಿಂದ ಹೊರಗೆ ಹೋಗೋ ಮುಂಚೆ ತಪಾಸಣೆ.

ಸಸಿ ಟ್ರೇಯಲ್ಲಿ ಇರುವಾಗಲೇ ಯಾಕೆ ಅಂದರೆ ಈ ಲೆಕ್ಕ ನೋಡಿ. ಎಕರೆಗೆ ಸುಮಾರು 12,000 ಸಸಿ ಅಂದರೆ 98 ಕುಳಿಯ 123 ಟ್ರೇ. ಒತ್ತಾಗಿ ಜೋಡಿಸಿದರೆ 200 ಚದರ ಅಡಿ, ಒಂದು ಕೋಣೆಯಷ್ಟು ಜಾಗ. ಅಷ್ಟಕ್ಕೆ ಒಂದು ಟ್ಯಾಂಕ್ ಸಿಂಪಡಣೆ ಸಾಕು. ನಾಟಿ ಆದ ಮೇಲೆ ಅದೇ ಸಸಿಗಳು 43,560 ಚದರ ಅಡಿಗೆ ಹರಡಿಕೊಳ್ತವೆ. ಆಗ ಟ್ಯಾಂಕ್ ಎಷ್ಟು, ಆಳು ಎಷ್ಟು, ಕೂಲಿ ಎಷ್ಟು?

ನಾನು ಈಗ ಮಾಡೋದು ಇಷ್ಟು. ನಾಟಿಗೆ ಎಂಟು-ಹತ್ತು ದಿನ ಮುಂಚೆಯೇ ಸಸಿ ತರ್ತೀನಿ. ಪ್ರತಿ ಹತ್ತು ಟ್ರೇಗೆ ಒಂದರಂತೆ ಆರಿಸಿ, ಕುಡಿಯ ಕೆಳಭಾಗವನ್ನ 20 ಪಟ್ಟು ತೋರಿಸೋ ಭೂತಗನ್ನಡಿಯಲ್ಲಿ ನೋಡ್ತೀನಿ. ಬರಿಗಣ್ಣಿಗೆ ಇದು ಕಾಣೋದಿಲ್ಲ. ಸಸಿಯನ್ನ ದಿನಕ್ಕೆ ಸ್ವಲ್ಪ ಸ್ವಲ್ಪ ಬಿಸಿಲಿಗೆ ಒಡ್ಡಿ ಗಟ್ಟಿ ಮಾಡ್ತೀನಿ. ನುಸಿ ಕಂಡರೆ ನೀರಲ್ಲಿ ಕರಗೋ ಗಂಧಕ ಲೀಟರಿಗೆ 2 ಗ್ರಾಂ, ಎಲೆಯ ತಳಕ್ಕೆ ತಾಗುವಂತೆ, ಐದು-ಆರು ದಿನದ ಅಂತರದಲ್ಲಿ ಎರಡು ಸಲ. ಮೊದಲು ಒಂದು ಟ್ರೇಗೆ ಹೊಡೆದು ಎರಡು ದಿನ ನೋಡ್ತೀನಿ. ಬಳ್ಳಾರಿ ಬಿಸಿಲಲ್ಲಿ ಹಗಲು ಹೊತ್ತು ಗಂಧಕ ಹೊಡೆದರೆ ಎಲೆ ಸುಡುತ್ತೆ, ಸಂಜೆ ತಂಪಾದ ಮೇಲೆಯೇ ಆಗಬೇಕು. ಬೇವಿನೆಣ್ಣೆ, ಹೊಂಗೆಎಣ್ಣೆ ಹೊಡೆದಿದ್ದರೆ ಎರಡು ವಾರ ಗಂಧಕದ ತಂಟೆಗೆ ಹೋಗಬೇಡಿ. ಸಾವಯವದಲ್ಲಿ ಗಂಧಕಕ್ಕೆ ಅವಕಾಶ ಇದೆ, ಆದರೂ ಪ್ರಮಾಣಪತ್ರ ಮಾಡಿಸಿದವರು ತಮ್ಮ ಸಂಸ್ಥೆಯನ್ನ ಕೇಳಿಯೇ ಬಳಸಿ.

ಒಂದು ಎಚ್ಚರಿಕೆ: ನುಸಿ ಸತ್ತರೂ ಮುದುಡಿದ ಎಲೆ ಬಿಚ್ಚಿಕೊಳ್ಳೋದಿಲ್ಲ. ಹಳೆ ಎಲೆ ನೋಡಿ ಮತ್ತೆ ಮತ್ತೆ ಹೊಡೆಯಬೇಡಿ, ಹೊಸ ಕುಡಿ ನೇರ ಬರ್ತಾ ಇದೆಯಾ ನೋಡಿ.

ನರ್ಸರಿಯವರನ್ನಷ್ಟೇ ಬೈದರೆ ನ್ಯಾಯ ಅಲ್ಲ. ನೀರು ಬಂದ ದಿನವೇ ಸಸಿ ಬೇಕು ಅಂತ ಕೂರೋರು ನಾವೇ, ಪೈಸೆ ಕಮ್ಮಿ ಆದ ಕಡೆ ಓಡೋರೂ ನಾವೇ. ಶುದ್ಧ ಸಸಿ ಹಾಕಿದರೂ ಆಮೇಲೆ ಪಕ್ಕದ ಹೊಲದಿಂದ ನುಸಿ ಬರಬಹುದು, ಬಿಳಿನೊಣದ ಕಾಲು ಹಿಡ್ಕೊಂಡು ಸವಾರಿ ಮಾಡೋ ಜಾತಿ ಅದು. ಆದರೆ ಮೊದಲ ದಿನವೇ ಬಂದದ್ದಕ್ಕೂ ಕಾಯಿ ಕಟ್ಟೋ ಹೊತ್ತಿಗೆ ಬಂದದ್ದಕ್ಕೂ ಇಳುವರಿಯಲ್ಲಿ ಬಹಳ ಫರಕು.

ಅದಕ್ಕೇ ಕೇಳೋದು. ಸಿರುಗುಪ್ಪ ಕಡೆ ಭತ್ತ ಬಿಟ್ಟು ಮೊದಲ ಸಲ ಮೆಣಸಿನಕಾಯಿ ಹಾಕೋರಿರಲಿ, ಬಳ್ಳಾರಿ ನಗರದಲ್ಲಿ ತಾರಸಿ ಮೇಲೆ ನಾಲ್ಕು ಕುಂಡ ಇಡೋರಿರಲಿ, ಮುಂಗಡ ಕೊಡೋ ಮುಂಚೆ ಎರಡು ಮಾತು ಕೇಳಿ: ಕೊನೆಗೆ ಏನು ಹೊಡೆದಿದ್ದೀರಿ, ಯಾವತ್ತು ಹೊಡೆದಿರಿ? ಆಮೇಲೆ ಎಲೆ ಮಗುಚಿ ನೋಡಿ. ಹತ್ತು ಜನ ಹೀಗೆ ಕೇಳಿದರೆ ಮುಂದಿನ ವರ್ಷ ನರ್ಸರಿಯವರೇ ನೋಡಿಟ್ಟಿರ್ತಾರೆ. ಬ್ಯಾಡಗಿ ಮಾರುಕಟ್ಟೆ ದರ ನಮ್ಮ ಕೈಯಲ್ಲಿಲ್ಲ, ಮಳೆ ನಮ್ಮ ಕೈಯಲ್ಲಿಲ್ಲ. ಟ್ರೇ ಅಂತೂ ಕೈಯಲ್ಲೇ ಇರುತ್ತಲ್ಲ.